ತಲೆ ಸುತ್ತು ಯಾಕೆ ಬರುತ್ತೆ? ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು?



ತಲೆ ಸುತ್ತು ಯಾರಿಗೆ ಬಂದಿಲ್ಲ ಹೇಳಿ? ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡಿದುಕೊಳ್ಳುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. "ಪಿತ್ತ ಜಾಸ್ತಿ ಆಗಿದೆ" ಅಂತೀವಿ. ನಿಂಬೆಹಣ್ಣಿನ ಪಾನಕ ಕುಡೀತೀವಿ. "ಯಾರದೋ ಕಣ್ಣು ಬಿದ್ದಿದೆ" ಅಂತ ದೃಷ್ಟಿ ತೆಗೆಸ್ತೀವಿ. ಮೆಡಿಕಲ್ ಸ್ಟೋರಿಗೆ ಹೋಗಿ "ತಲೆ ಸುತ್ತಿಗೆ ಒಂದು ಮಾತ್ರೆ ಕೊಡಿ" ಅಂತ ಕೇಳ್ತೀವಿ. ಆಮೇಲೆ ಕೆಲಸಕ್ಕೆ ಓಡ್ತೀವಿ.

ಆದರೆ ತಲೆ ಸುತ್ತು ಒಂದೇ ಕಾಯಿಲೆ ಅಲ್ಲ. ಅದಕ್ಕೆ ಹತ್ತಾರು ಕಾರಣ ಇವೆ. ಕಾರಣ ಬೇರೆ ಆದರೆ ಔಷಧಿಯೂ ಬೇರೆ. ಕೆಲವು ತಲೆ ಸುತ್ತಿಗೆ ಮಾತ್ರೆಯೇ ಬೇಕಿಲ್ಲ. ಸರಿಯಾದ ವ್ಯಾಯಾಮ ಮಾಡಿಸಿದರೆ ಸಾಕು. ಇನ್ನು ಕೆಲವು ತಲೆ ಸುತ್ತಿಗೆ ಒಂದು ಗಳಿಗೆಯೂ ಕಾಯಬಾರದು. ಯಾವುದು ಯಾವುದು ಅಂತ ತಿಳಿದುಕೊಳ್ಳೋಣ ಬನ್ನಿ.

ನಮ್ಮ ಊರು, ನಮ್ಮ ಕೆಲಸ

ನಮ್ಮ ಬೇಗೂರು ಬಹಳ ಹಳೆಯ ಊರು. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಇದೆ. ಅದು ಸುಮಾರು ಕ್ರಿ.ಶ. 890ರದು. ಬೆಂಗಳೂರು ಅನ್ನುವ ಹೆಸರು ಆ ಕಲ್ಲಿನಲ್ಲಿ ಇದೆ. ಅಂದಿನ ಬೇಗೂರಿನಲ್ಲಿ ಕೆರೆ ಇತ್ತು, ಹೊಲ ಇತ್ತು. ಇಂದು ಕೆರೆಯ ಸುತ್ತ ಮನೆಗಳು, ಅಪಾರ್ಟ್‌ಮೆಂಟುಗಳು. ನಮ್ಮ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಮನೆಗೆಲಸಕ್ಕೆ ಹೋಗ್ತಾರೆ. ಕಟ್ಟಡದ ಕೆಲಸಕ್ಕೆ ಹೋಗ್ತಾರೆ. ಸ್ಕೂಟರಿನ ಹಿಂದೆ ಕೂತು ಹೊಸೂರು ರಸ್ತೆ ದಾಟ್ತಾರೆ.

ಇಂಥ ಕೆಲಸದಲ್ಲಿ ತಲೆ ಸುತ್ತು ಬಂದರೆ ಏನಾಗುತ್ತೆ? ಹೊಲಿಗೆ ಯಂತ್ರದ ಮುಂದೆ ಸೂಜಿ ಬೆರಳಿಗೆ ಚುಚ್ಚಬಹುದು. ಸಾರವೆ ಮೇಲಿಂದ ಬೀಳಬಹುದು. ಮೆಟ್ಟಿಲು ಒರೆಸುವಾಗ ಕಾಲು ಜಾರಬಹುದು. ಅದಕ್ಕೇ ತಲೆ ಸುತ್ತನ್ನು "ಇದೆಲ್ಲಾ ಇದ್ದದ್ದೇ" ಅಂತ ಬಿಡಬಾರದು.

ನಾವು ಬೀಳದೆ ನಿಲ್ಲುವುದು ಹೇಗೆ?

ಹಳ್ಳಿಯಲ್ಲಿ ತಲೆ ಮೇಲೆ ಕೊಡ, ಸೊಂಟದಲ್ಲಿ ಇನ್ನೊಂದು ಕೊಡ ಹೊತ್ತು ನಡೆದವರು ನಮ್ಮಲ್ಲಿ ಇದ್ದಾರೆ. ಬೆಂಗಳೂರು ಕರಗದಲ್ಲಿ ಕರಗ ಹೊತ್ತವರು ರಾತ್ರಿಯಿಡೀ ನಡೀತಾರೆ, ಕುಣೀತಾರೆ. ಕರಗ ಬೀಳುವುದಿಲ್ಲ. ಇದು ಹೇಗೆ ಸಾಧ್ಯ?

ನಮ್ಮ ದೇಹಕ್ಕೆ ಮೂರು ಜನ ಸಹಾಯಕರು ಇದ್ದಾರೆ.

ಮೊದಲನೆಯದು ಕಣ್ಣು. ನೆಲ ಎಲ್ಲಿದೆ, ಗೋಡೆ ಎಲ್ಲಿದೆ ಅಂತ ಕಣ್ಣು ಹೇಳುತ್ತೆ.

ಎರಡನೆಯದು ಕಾಲು. ಅಂಗಾಲು, ಕೀಲು, ಮಾಂಸಖಂಡಗಳು ನೆಲ ಗಟ್ಟಿಯೋ ಮೆತ್ತಗೋ, ಏರೋ ಇಳಿಜಾರೋ ಅಂತ ಹೇಳುತ್ತವೆ.

ಮೂರನೆಯದು ಕಿವಿ. ಕಿವಿ ಬರೀ ಕೇಳುವುದಕ್ಕೆ ಮಾತ್ರ ಇಲ್ಲ. ಕಿವಿಯ ಒಳಗೆ, ಬಹಳ ಆಳದಲ್ಲಿ, ಬಳೆ ಚೂರಿನಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅದರಲ್ಲಿ ನೀರಿನಂಥ ದ್ರವ ಇದೆ. ನಾವು ತಲೆ ತಿರುಗಿಸಿದರೆ ಆ ದ್ರವ ಅಲುಗುತ್ತೆ. ತಲೆ ಯಾವ ಕಡೆ ತಿರುಗಿತು ಅಂತ ಮಿದುಳಿಗೆ ಸುದ್ದಿ ಹೋಗುತ್ತೆ.

ಈ ಮೂವರ ಸುದ್ದಿಯನ್ನೂ ಮಿದುಳು ಕೂಡಿಸಿ ನೋಡುತ್ತೆ. ಮೂವರೂ ಒಂದೇ ಮಾತು ಹೇಳಿದರೆ ನಾವು ನೆಟ್ಟಗೆ ನಿಲ್ಲುತ್ತೇವೆ. ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಹೇಳಿದರೆ ಮಿದುಳಿಗೆ ಗೊಂದಲ ಆಗುತ್ತೆ. ಆಗ ತಲೆ ಸುತ್ತು, ವಾಕರಿಕೆ ಬರುತ್ತೆ. ಕರೆಂಟು ಹೋದಾಗ ನಾವು ತಡವರಿಸಿ ನಡೆಯುತ್ತೇವೆ ಅಲ್ವಾ? ಆಗ ಕಣ್ಣಿನ ಸಹಾಯ ಇಲ್ಲ. ಕಿವಿ, ಕಾಲು ಎರಡೇ ಕೆಲಸ ಮಾಡಬೇಕು.

ತಲೆ ಸುತ್ತು ಮೂರು ಬಗೆ

ಡಾಕ್ಟರ ಹತ್ತಿರ ಹೋದಾಗ ಬರೀ "ತಲೆ ಸುತ್ತು" ಅನ್ನಬೇಡಿ. ಹೇಗೆ ಅನಿಸುತ್ತೆ ಅಂತ ಬಿಡಿಸಿ ಹೇಳಿ. ಅದರಿಂದ ಅರ್ಧ ಕಾಯಿಲೆ ಗೊತ್ತಾಗುತ್ತೆ.

1. ಕಣ್ಣು ಕತ್ತಲೆ ಬರುವುದು. ಕೂತವರು ಎದ್ದಾಗ ಕಣ್ಣು ಮಂಜಾಗುತ್ತೆ. ಬಿದ್ದೇ ಹೋಗ್ತೀನಿ ಅನಿಸುತ್ತೆ. ಎದ್ದಾಗ ಬಿ.ಪಿ. ಇಳಿದರೆ ಹೀಗಾಗುತ್ತೆ. ಊಟ ಬಿಟ್ಟರೆ, ನೀರು ಕುಡಿಯದಿದ್ದರೆ, ರಕ್ತ ಕಡಿಮೆ ಇದ್ದರೆ ಹೀಗಾಗುತ್ತೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯಿಂದಲೂ ಆಗಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಹೊತ್ತಿಗೆ ಸರಿಯಾದ ಊಟ ಇದಕ್ಕೆ ಔಷಧಿ.

2. ಮನೆಯೇ ಗಿರಗಿರ ತಿರುಗುವುದು. ಮಲಗಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನ ಡಬ್ಬ ತೆಗೆಯಲು ತಲೆ ಎತ್ತಿದರೆ, ಬಗ್ಗಿ ಪಾತ್ರೆ ತೊಳೆದರೆ ಎಲ್ಲಾ ಸುತ್ತುತ್ತೆ. ಜಾತ್ರೆಯ ತೊಟ್ಟಿಲಲ್ಲಿ ಕೂತ ಹಾಗೆ. ಸಾಮಾನ್ಯವಾಗಿ ಇದು ಒಂದು ನಿಮಿಷದೊಳಗೆ ನಿಲ್ಲುತ್ತೆ. ಇದು ಬಹುಮಟ್ಟಿಗೆ ಕಿವಿಯ ತೊಂದರೆ.

3. ಓಲಾಡುವುದು. ಕೂತಾಗ ಸರಿ ಇರುತ್ತೆ. ನಡೆಯುವಾಗ ಒಂದು ಕಡೆಗೆ ವಾಲುತ್ತೆ. ಕತ್ತಲಲ್ಲಿ ಜಾಸ್ತಿ ಆಗುತ್ತೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರಲ್ಲಿ ಇದು ಹೆಚ್ಚು.

ಕಿವಿಯೊಳಗಿನ ಕಣ ಜರುಗಿದರೆ

ಎರಡನೇ ಬಗೆಯ ತಲೆ ಸುತ್ತಿನ ಬಗ್ಗೆ ಸ್ವಲ್ಪ ಹೆಚ್ಚು ತಿಳಿಯೋಣ. ಕಿವಿಯ ಒಳಗೆ ಸುಣ್ಣದ ಅಂಶದ ಕಣಗಳಿವೆ. ರಾಗಿ ಕಾಳಿಗಿಂತಲೂ ಬಹಳ ಬಹಳ ಚಿಕ್ಕವು. ಬರಿಗಣ್ಣಿಗೆ ಒಂದೊಂದಾಗಿ ಕಾಣುವುದಿಲ್ಲ. ಅವು ತಮ್ಮ ಜಾಗದಲ್ಲಿ ಇದ್ದರೆ ತೊಂದರೆ ಇಲ್ಲ. ವಯಸ್ಸಾದಾಗ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ ಅವು ಜರುಗುತ್ತವೆ. ಜರುಗಿ ಆ ಬಾಗಿದ ಕೊಳವೆಯೊಳಗೆ ಸೇರುತ್ತವೆ. ಆಮೇಲೆ ತಲೆ ಅಲುಗಿದಾಗಲೆಲ್ಲಾ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತೆ. ನಾವು ಸುಮ್ಮನೆ ಮಲಗಿದ್ದರೂ "ತಿರುಗುತ್ತಿದ್ದೇವೆ" ಅಂತ ಕಿವಿ ಹೇಳುತ್ತೆ.

ಇದನ್ನು ಕಂಡುಹಿಡಿಯುವ ಪರೀಕ್ಷೆಯನ್ನು 1952ರಲ್ಲಿ ಇಂಗ್ಲೆಂಡಿನ ಇಬ್ಬರು ಡಾಕ್ಟರು ವಿವರಿಸಿದರು. ಒಬ್ಬರು ಮಾರ್ಗರೆಟ್ ಡಿಕ್ಸ್. ಅವರು ಹೆಣ್ಣುಮಗಳು. ಇನ್ನೊಬ್ಬರು ಚಾರ್ಲ್ಸ್ ಹಾಲ್‌ಪೈಕ್. ರೋಗಿಯ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬೇಗನೆ ಮಲಗಿಸ್ತಾರೆ. ಆಗ ಕಣ್ಣುಗುಡ್ಡೆ ತಾನಾಗಿ ಪಟಪಟ ಅಲುಗಿದರೆ ಕಾಯಿಲೆ ಯಾವ ಕಿವಿಯದು ಅಂತ ಗೊತ್ತಾಗುತ್ತೆ.

ಇದಕ್ಕೆ ಚಿಕಿತ್ಸೆಯನ್ನು ಅಮೆರಿಕದ ಕಿವಿ ಡಾಕ್ಟರು ಜಾನ್ ಎಪ್ಲೀ ಅನ್ನುವವರು ಕಂಡುಹಿಡಿದರು. 1992ರಲ್ಲಿ ಅದರ ವಿವರ ಪ್ರಕಟವಾಯಿತು. ಸೂಜಿ ಇಲ್ಲ, ಆಪರೇಷನ್ ಇಲ್ಲ. ಮಲಗಿಸಿ ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಂತ ಹಂತವಾಗಿ ತಿರುಗಿಸ್ತಾರೆ. ಆಮೇಲೆ ಎಬ್ಬಿಸಿ ಕೂರಿಸ್ತಾರೆ. ಕಣ ಜಾರಿ ಕೊಳವೆಯಿಂದ ಆಚೆ ಬರುತ್ತೆ. ಐದು ಹತ್ತು ನಿಮಿಷದ ಕೆಲಸ. ಬಹಳ ಜನಕ್ಕೆ ಒಂದೆರಡು ಸಲಕ್ಕೇ ಗುಣ ಆಗುತ್ತೆ. ಕೆಲವರಿಗೆ ಮತ್ತೆ ಬರಬಹುದು. ಬಂದರೆ ಮತ್ತೆ ಮಾಡಿಸಬೇಕು ಅಷ್ಟೇ.

ಎಷ್ಟೋ ಜನ ವರ್ಷಗಟ್ಟಲೆ ತಲೆ ಸುತ್ತಿನ ಮಾತ್ರೆ ನುಂಗ್ತಾರೆ. ಆ ಮಾತ್ರೆ ಕಣವನ್ನು ಜಾಗಕ್ಕೆ ಕೂರಿಸುವುದಿಲ್ಲ. ನಿದ್ದೆಯ ಮಂಪರು ತರುತ್ತೆ. ಮಂಪರಿನಲ್ಲಿ ಬೀಳುವ ಭಯ ಇನ್ನೂ ಜಾಸ್ತಿ. ಆದ್ದರಿಂದ ಡಾಕ್ಟರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ.

ಫಿಜಿಯೋಥೆರಪಿ ಅಂದರೆ ಏನು?

ವ್ಯಾಯಾಮದಿಂದ, ಅಭ್ಯಾಸದಿಂದ ಮಾಡುವ ಚಿಕಿತ್ಸೆಗೆ ಫಿಜಿಯೋಥೆರಪಿ ಅಂತಾರೆ. ಮಾಡಿಸುವವರು ಫಿಜಿಯೋಥೆರಪಿಸ್ಟ್. ಮೂಳೆ ಮುರಿದವರಿಗೆ, ಲಕ್ವ ಹೊಡೆದವರಿಗೆ ಮಾತ್ರ ಅಂತ ನಾವು ತಿಳಿದಿರುತ್ತೇವೆ. ತಲೆ ಸುತ್ತಿಗೂ ಈ ಚಿಕಿತ್ಸೆ ಉಂಟು.

ಮೊದಲು ಅವರು ಪ್ರಶ್ನೆ ಕೇಳ್ತಾರೆ. ಯಾವಾಗಿಂದ? ಎಷ್ಟು ಹೊತ್ತು? ಏನು ಮಾಡುವಾಗ? ಬಿದ್ದಿದ್ದೀರಾ? ಯಾವ ಮಾತ್ರೆ ತಗೊಳ್ತೀರಿ? ಮಾತ್ರೆಯ ಚೀಟಿ ಜೊತೆಗೆ ತೆಗೆದುಕೊಂಡು ಹೋಗಿ. ಈಗ ನಿಮಗೆ ಓದಲು ಬರುತ್ತೆ. ಮಾತ್ರೆಯ ಹೆಸರು, ತಲೆ ಸುತ್ತು ಬಂದ ದಿನ, ಹೊತ್ತು ಒಂದು ಪುಸ್ತಕದಲ್ಲಿ ಬರೆದಿಡಿ. ಡಾಕ್ಟರಿಗೆ ಅದು ಬಹಳ ಉಪಯೋಗ.

ಆಮೇಲೆ ಪರೀಕ್ಷೆ ಮಾಡ್ತಾರೆ. ಮಲಗಿಸಿ ಬಿ.ಪಿ. ನೋಡ್ತಾರೆ, ನಿಲ್ಲಿಸಿ ನೋಡ್ತಾರೆ. ಬೆರಳು ಆಡಿಸಿ ಕಣ್ಣು ಹೇಗೆ ಹಿಂಬಾಲಿಸುತ್ತೆ ಅಂತ ನೋಡ್ತಾರೆ. ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿ ಅಂತಾರೆ. ಒಂದು ಹೆಜ್ಜೆಯ ಹೆಬ್ಬೆರಳಿಗೆ ಇನ್ನೊಂದು ಹೆಜ್ಜೆಯ ಹಿಮ್ಮಡಿ ತಾಗಿಸಿ ನಡೀರಿ ಅಂತಾರೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡ್ತಾರೆ. ಇದರಲ್ಲಿ ನೋವು ಇಲ್ಲ. ನಾಚಿಕೊಳ್ಳುವುದೂ ಬೇಡ.

ಅಭ್ಯಾಸದಿಂದ ಮಿದುಳೂ ಕಲಿಯುತ್ತೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರಿಗೆ ತಲೆ ಸುತ್ತು ಇತ್ತು. ಕಾಥಾರ್ನ್ ಮತ್ತು ಕುಕ್ಸೀ ಅನ್ನುವ ಇಬ್ಬರು ಡಾಕ್ಟರು ಒಂದು ಸಂಗತಿ ಗಮನಿಸಿದರು. ಸುಮ್ಮನೆ ಮಲಗಿದವರಿಗಿಂತ ಓಡಾಡಿಕೊಂಡು ಇದ್ದವರು ಬೇಗ ಗುಣ ಆಗುತ್ತಿದ್ದರು. ಅವರು ಕಣ್ಣಿಗೆ, ತಲೆಗೆ, ನಡಿಗೆಗೆ ವ್ಯಾಯಾಮ ಹೇಳಿಕೊಟ್ಟರು. ಇಂದಿನ ವ್ಯಾಯಾಮಗಳು ಅಲ್ಲಿಂದಲೇ ಬೆಳೆದು ಬಂದಿವೆ.

ಒಂದು ವ್ಯಾಯಾಮ ಹೀಗಿದೆ. ಗೋಡೆಗೆ ಕಣ್ಣಿನ ಎತ್ತರಕ್ಕೆ ಒಂದು ಚೀಟಿ ಅಂಟಿಸುತ್ತಾರೆ. ಅದರಲ್ಲಿ ಒಂದೇ ಅಕ್ಷರ ಇರುತ್ತೆ. "ಅ" ಅಂತ ಬರೆದುಕೊಳ್ಳಿ. ಕುರ್ಚಿಯಲ್ಲಿ ಕೂತು "ಅ" ಮೇಲೆ ಕಣ್ಣಿಟ್ಟು ತಲೆಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಬೇಕು. ಅಕ್ಷರ ಮಸುಕಾಗಬಾರದು. ಮೊದಲು ಸ್ವಲ್ಪ ತಲೆ ಸುತ್ತಬಹುದು. ಸ್ವಲ್ಪ ಸುತ್ತಿದರೆ ಹೆದರಬೇಡಿ. ಜಾಸ್ತಿ ಸುತ್ತಿದರೆ ನಿಲ್ಲಿಸಿ. ದಿನ ಕಳೆದಂತೆ ಕಡಿಮೆ ಆಗುತ್ತೆ.

ಇನ್ನೊಂದು, ನಿಲ್ಲುವ ವ್ಯಾಯಾಮ. ಗೋಡೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿ ಇಟ್ಟುಕೊಂಡು ಪಾದ ಜೋಡಿಸಿ ನಿಲ್ಲುವುದು. ವಾಲಿದರೆ ಹಿಡಿಯಲು ಗೋಡೆ ಇದೆ, ಕುರ್ಚಿ ಇದೆ. ಮನೆಯಲ್ಲಿ ಒಬ್ಬರು ಹತ್ತಿರ ಇರಲಿ.

ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಅಂತ ಫಿಜಿಯೋಥೆರಪಿಸ್ಟನ್ನು ಕೇಳಿ ಮಾಡಿ. ಕುತ್ತಿಗೆ ನೋವು ಇರುವವರು ಮೊದಲೇ ಹೇಳಿ.

ನಾವು ಮೊದಲ ಸಲ ಸ್ಲೇಟು ಹಿಡಿದಾಗ ಅಕ್ಷರ ಓರೆಕೋರೆ ಆಯಿತು. ದಿನಾ ತಿದ್ದಿದ ಮೇಲೆ ಕೈಗೆ ರೂಢಿ ಆಯಿತು. ಮಿದುಳೂ ಹಾಗೆಯೇ. ಒಂದು ಕಿವಿ ಸೋತರೂ ಕಣ್ಣು, ಕಾಲು, ಇನ್ನೊಂದು ಕಿವಿಯ ಸಹಾಯದಿಂದ ನಿಲ್ಲಲು ಕಲಿಯುತ್ತೆ. ಆದರೆ ದಿನಾ ತಿದ್ದಬೇಕು. ಬಿಟ್ಟು ಬಿಟ್ಟು ಮಾಡಿದರೆ ಕೈಗೂಡುವುದಿಲ್ಲ.

ತಲೆಗೆ ಪೆಟ್ಟು ಬಿದ್ದರೆ

ಮಿದುಳು ಬಹಳ ಮೆತ್ತಗಿನ ವಸ್ತು. ಗಟ್ಟಿ ಬುರುಡೆಯ ಒಳಗೆ ಇದೆ. ತಲೆಗೆ ಜೋರಾಗಿ ಪೆಟ್ಟು ಬಿದ್ದರೆ ಮಿದುಳು ಒಳಗೇ ಅಲುಗಾಡುತ್ತೆ. ಇದಕ್ಕೆ ಕನ್ಕಷನ್ ಅಂತಾರೆ. ರಕ್ತ ಬರದೆ ಇರಬಹುದು. ಜ್ಞಾನ ತಪ್ಪದೆ ಇರಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದೆ ಇರಬಹುದು. ಆದರೂ ತಲೆನೋವು, ತಲೆ ಸುತ್ತು, ಮರೆವು, ಸಿಡುಕು, ಬೆಳಕು ಕಂಡರೆ ಆಗದಿರುವುದು, ನಿದ್ದೆಯ ಏರುಪೇರು ಇರುತ್ತವೆ. "ಸ್ಕ್ಯಾನು ಸರಿ ಇದೆ, ಇವಳು ನಾಟಕ ಮಾಡ್ತಾಳೆ" ಅಂತ ಮನೆಯವರು ಅನ್ನಬಾರದು. ಅದು ನಾಟಕ ಅಲ್ಲ.

ಒಂದೆರಡು ದಿನ ವಿಶ್ರಾಂತಿ ಬೇಕು. ಮೊದಲ ದಿನ ರೋಗಿಯನ್ನು ಒಬ್ಬರೇ ಬಿಡಬಾರದು. ಟಿ.ವಿ., ಮೊಬೈಲು ಕಡಿಮೆ ಮಾಡಬೇಕು. ಹೆಂಡ ಕುಡಿಯಬಾರದು. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. ಹಾಗಂತ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗುವುದೂ ಬೇಡ. ಎರಡು ದಿನದ ಮೇಲೆ ಮೆಲ್ಲಗೆ ನಡೆಯಬೇಕು. ಮೊದಲು ಹಗುರ ಕೆಲಸ, ಆಮೇಲೆ ಪೂರ್ತಿ ಕೆಲಸ. ಬಹಳ ಜನ ಕೆಲವು ವಾರದಲ್ಲಿ ಸರಿ ಹೋಗ್ತಾರೆ. ಒಂದು ತಿಂಗಳಾದರೂ ತಲೆ ಸುತ್ತು ನಿಲ್ಲದಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ. ಫಿಜಿಯೋಥೆರಪಿ ಬೇಕೇ ಅಂತ ಕೇಳಿ. ಪೂರ್ತಿ ವಾಸಿ ಆಗುವ ಮೊದಲು ಮತ್ತೆ ಪೆಟ್ಟು ಬಿದ್ದರೆ ಬಹಳ ಅಪಾಯ.

ಪೆಟ್ಟು ಬಿದ್ದ ಮೇಲೆ ಇವು ಕಂಡರೆ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ:

• ಮತ್ತೆ ಮತ್ತೆ ವಾಂತಿ
• ಹೆಚ್ಚುತ್ತಾ ಹೋಗುವ ತಲೆನೋವು
• ಎಬ್ಬಿಸಿದರೂ ಏಳದಷ್ಟು ಮಂಪರು
• ಮಾತು ತೊದಲುವುದು, ಗುರುತು ಸಿಗದಿರುವುದು
• ಫಿಟ್ಸ್ ಬರುವುದು
• ಕೈಕಾಲು ಸೋಲುವುದು
• ಕಿವಿ, ಮೂಗಿನಿಂದ ರಕ್ತ ಅಥವಾ ನೀರು ಬರುವುದು

ವಯಸ್ಸಾದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇದು ಯಾವುದೂ ಇಲ್ಲದಿದ್ದರೂ ತೋರಿಸಬೇಕು.

ಪೆಟ್ಟು ಬೀಳದೆಯೂ ಥಟ್ಟನೆ ತಲೆ ಸುತ್ತು ಬಂದು, ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ನಿಲ್ಲಲೂ ಆಗದಿದ್ದರೆ ಅದು ಲಕ್ವ ಇರಬಹುದು. ಆಗಲೂ ಕೂಡಲೇ ಹೊರಡಿ. ಮಂತ್ರ, ತಾಯಿತ ಅಂತ ಹೊತ್ತು ಕಳೆಯಬೇಡಿ.

ಎಲ್ಲಿಗೆ ಹೋಗಬೇಕು?

108ಕ್ಕೆ ಫೋನ್ ಮಾಡಿ. ಈ ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಇದೆ. ದುಡ್ಡು ಕೊಡಬೇಕಿಲ್ಲ.

ತಲೆ, ಮಿದುಳು, ನರಗಳ ಕಾಯಿಲೆಗೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. 1974ರಲ್ಲಿ ಎರಡು ಹಳೇ ಸಂಸ್ಥೆಗಳು ಸೇರಿ ಇದು ಆಯಿತು. "ಅದು ಹುಚ್ಚಾಸ್ಪತ್ರೆ, ಅಲ್ಲಿಗೆ ಯಾಕೆ ಹೋಗಬೇಕು" ಅಂತ ಕೆಲವರು ಹಿಂಜರೀತಾರೆ. ಹಾಗೆ ಅನ್ನಬಾರದು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ಅಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಹಗಲೂ ರಾತ್ರಿ ಚಿಕಿತ್ಸೆ ಇದೆ. ಆಮೇಲೆ ಮತ್ತೆ ನಡೆಯಲು, ಕೆಲಸ ಮಾಡಲು ಕಲಿಸುವ ವಿಭಾಗವೂ ಇದೆ. ಅವಸರ ಇಲ್ಲದ ತಲೆ ಸುತ್ತಿಗೆ ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಜಯನಗರದ ಜನರಲ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಚೀಟಿ ಕೊಡಬಹುದು. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಇಲ್ಲ. ಬಸ್ಸಿಗೆ ದುಡ್ಡಿಲ್ಲ ಅಂತ ಚಿಕಿತ್ಸೆ ಬಿಡಬೇಡಿ.

ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಹೆದರದೆ ಸಹಾಯ ಮಾಡಿ. ಕುತ್ತಿಗೆ ಅಲುಗಿಸಬೇಡಿ. ಜ್ಞಾನ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದರಿಂದ ಉಪಯೋಗ ಇಲ್ಲ. ಪೊಲೀಸರು ಬರುವ ತನಕ ಚಿಕಿತ್ಸೆ ನಿಲ್ಲಿಸಬಾರದು ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ಮಾತು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದೆ.

ಹೇಳಲು ನಾಚುವ ಪೆಟ್ಟು

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಎಷ್ಟೋ ಹೆಂಗಸರ ತಲೆಗೆ ಪೆಟ್ಟು ಬೀಳುವುದು ರಸ್ತೆಯಲ್ಲಿ ಅಲ್ಲ, ಮನೆಯಲ್ಲಿ. ಕೂದಲು ಹಿಡಿದು ಗೋಡೆಗೆ ಗುದ್ದಿದ್ದನ್ನು "ಬಚ್ಚಲಲ್ಲಿ ಜಾರಿಬಿದ್ದೆ" ಅಂತ ಹೇಳ್ತೀವಿ. ಮತ್ತೆ ಮತ್ತೆ ತಲೆಗೆ ಏಟು ಬಿದ್ದರೆ ಮರೆವು, ತಲೆನೋವು, ತಲೆ ಸುತ್ತು ಉಳಿದುಬಿಡಬಹುದು. ಡಾಕ್ಟರ ಹತ್ತಿರ ನಿಜ ಹೇಳಿ. ಚಿಕಿತ್ಸೆ ಸರಿಯಾಗಿ ಆಗುತ್ತೆ. ಹೊಡೆಯುವ ಹಕ್ಕು ಗಂಡನಿಗೆ ಇಲ್ಲ. ಹೆಂಗಸರನ್ನು ಮನೆಯೊಳಗಿನ ಹಿಂಸೆಯಿಂದ ಕಾಪಾಡಲು 2005ರಲ್ಲಿ ಕಾನೂನು ಬಂದಿದೆ. 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತೆ. ಅಪಾಯ ಇದ್ದರೆ 112.

ಬೀಳದ ಹಾಗೆ ನೋಡಿಕೊಳ್ಳೋಣ

• ಸ್ಕೂಟರಿನಲ್ಲಿ ಹಿಂದೆ ಕೂತವರೂ ಹೆಲ್ಮೆಟ್ ಹಾಕಬೇಕು. ಕರ್ನಾಟಕದಲ್ಲಿ 2016ರಿಂದ ಇದು ಕಡ್ಡಾಯ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಗದ್ದದ ಪಟ್ಟಿ ಬಿಗಿಯಾಗಿ ಹಾಕಿ.
• ಸೀರೆ ಸೆರಗು, ದುಪ್ಪಟ್ಟಾ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿಕೊಳ್ಳಿ.
• ಹಾಸಿಗೆಯಿಂದ ಒಮ್ಮೆಗೇ ಏಳಬೇಡಿ. ಎದ್ದು ಕೂತು, ಸ್ವಲ್ಪ ತಡೆದು ನಿಲ್ಲಿ.
• ಬಚ್ಚಲ ನೆಲದ ಪಾಚಿ ಉಜ್ಜಿ ತೆಗೆಯಿರಿ. ಹಿಡಿಯಲು ಒಂದು ಕಂಬಿ ಹಾಕಿಸಿ.
• ರಾತ್ರಿ ಅಜ್ಜ, ಅಜ್ಜಿ ಓಡಾಡುವ ಕಡೆ ಸಣ್ಣ ದೀಪ ಇರಲಿ.
• ಸವೆದ ಚಪ್ಪಲಿ ಬಿಡಿ.
• ತಲೆ ಸುತ್ತು ಇದ್ದಾಗ ಏಣಿ, ಸಾರವೆ, ಸ್ಟೂಲು ಹತ್ತಬೇಡಿ. ಮೇಸ್ತ್ರಿಗೆ, ಸೂಪರ್‌ವೈಸರಿಗೆ ಹೇಳಿ ಕೂರಿ.

ಮನೆಯವರಿಗೆಲ್ಲಾ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವುದು ನಮ್ಮ ರೂಢಿ. ಮನೆಯವರಿಗೆಲ್ಲಾ ಔಷಧಿ ತಂದು ನಮ್ಮ ಕಾಯಿಲೆ ಮರೆಯುವುದೂ ನಮ್ಮ ರೂಢಿ. ಮನೆಯ ಕಂಬವೇ ಓಲಾಡಿದರೆ ಮನೆ ನಿಲ್ಲುವುದೇ? ಈ ಪಾಠ ಓದಿದ ಮೇಲೆ ತಲೆ ಸುತ್ತು ಇರುವವರು ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ. ಪಕ್ಕದ ಮನೆಯ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ.

ಓದಿದಿರಾ? ಈಗ ಮಾತಾಡೋಣ

1. ನಾವು ಬೀಳದೆ ನಿಲ್ಲಲು ಸಹಾಯ ಮಾಡುವ ಮೂರು ಯಾವುವು?
2. ಮಗ್ಗುಲು ಬದಲಿಸಿದಾಗ ಮನೆ ತಿರುಗಿದಂತೆ ಆದರೆ ಕಾರಣ ಏನಿರಬಹುದು?
3. ತಲೆಗೆ ಪೆಟ್ಟು ಬಿದ್ದಾಗ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳನ್ನು ಬರೆಯಿರಿ.
4. 108, 181, 112. ಈ ನಂಬರುಗಳನ್ನು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ.
5. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಬೀಳಬಹುದು? ಅದನ್ನು ಹೇಗೆ ತಪ್ಪಿಸಬಹುದು? ಗುಂಪಿನಲ್ಲಿ ಮಾತಾಡಿ.